ಮೊದಲ ಮಡಚುವ ಸೈಕಲ್ ಕೊಳ್ಳುವ ಮುನ್ನ

ಬೆಂಗಳೂರಿನ ಮೆಟ್ರೊ ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ ಓಡುತ್ತಿದೆ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆ–ಬೊಮ್ಮಸಂದ್ರದ ಹಳದಿ ಮಾರ್ಗವೂ ಸೇರಿಕೊಂಡಿದೆ. ಇಷ್ಟಾದರೂ ಬಹಳ ಜನರ ತಾಪತ್ರಯ ರೈಲಿನ ಒಳಗಿನದಲ್ಲ, ಹೊರಗಿನದು. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರ್, ಇಳಿದ ಮೇಲೆ ಕಚೇರಿಗೆ ಇನ್ನೆರಡು. ನಡೆದರೆ ಮುಕ್ಕಾಲು ಗಂಟೆ ಹೋಗುತ್ತದೆ, ದಿನಾ ಎರಡು ಆಟೊ ಹಿಡಿದರೆ ಜೇಬು ಖಾಲಿಯಾಗುತ್ತದೆ. ಸ್ಕೂಟರ್ ತಂದು ನಿಲ್ದಾಣದ ಬಳಿ ನಿಲ್ಲಿಸಿದರೆ ಮನೆ ಬದಿಯ ಸಮಸ್ಯೆ ತೀರುತ್ತದೆ, ಕಚೇರಿ ಬದಿಯದು ಹಾಗೇ ಉಳಿಯುತ್ತದೆ.

ಎರಡೂ ಬದಿಗೆ ಒಂದೇ ವಾಹನ ಬೇಕೆಂದರೆ ಅದು ನಮ್ಮ ಜೊತೆಗೇ ರೈಲು ಹತ್ತಬೇಕು. ಮಡಚುವ ಸೈಕಲ್ ಸರಿಹೊಂದುವುದು ಇಲ್ಲೇ. ಚಿಕ್ಕ ಗಾಲಿ, ಮಧ್ಯದಲ್ಲಿ ಕೀಲಿರುವ ಫ್ರೇಮ್, ಕೆಳಗಿಳಿಸಬಹುದಾದ ಸೀಟು, ಬಾಗಿಸಬಹುದಾದ ಹ್ಯಾಂಡಲ್ ಕಂಬ: ಇಷ್ಟೇ ಅದರ ರಚನೆ. ಆದರೆ ಅಂಗಡಿಗೆ ಕಾಲಿಟ್ಟವರಿಗೆ ಹನ್ನೆರಡು ಸಾವಿರದ್ದೂ ಕಾಣುತ್ತದೆ, ಲಕ್ಷ ದಾಟಿದ್ದೂ ಕಾಣುತ್ತದೆ, ನೋಡಲು ಎಲ್ಲವೂ ಸುಮಾರಾಗಿ ಒಂದೇ ಥರ. ಯಾವುದನ್ನು ಆರಿಸಬೇಕು ಎಂಬುದಕ್ಕೆ ಉತ್ತರ ಸಿಗುವುದು ಅಂಗಡಿಯಲ್ಲಲ್ಲ, ಕೊಳ್ಳುವವರ ದಿನದ ದಾರಿಯಲ್ಲಿ.

ಈ ಕಲ್ಪನೆ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಫ್ರಾನ್ಸ್‌ನ ಸೈನ್ಯಕ್ಕೆಂದು ಬೆನ್ನಿಗೆ ಹೊರಬಹುದಾದ ಸೈಕಲ್ ತಯಾರಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ಯಾರಾಚೂಟ್ ಪಡೆಗೆ ಬಿಎಸ್‌ಎ ಕಂಪನಿ ಮಡಚುವ ಸೈಕಲ್ ಮಾಡಿಕೊಟ್ಟಿತು; ಫ್ರೇಮಿನ ನಡುವೆ ಎರಡು ಕೀಲು, ಬಿಗಿಯಲು ಕೈಯಲ್ಲೇ ತಿರುಗಿಸುವ ಚಿಟ್ಟೆ ನಟ್ಟು. ನಗರವಾಸಿಗಳ ಇಂದಿನ ಬಗೆಯ ಮಡಚುವ ಸೈಕಲ್ ರೂಪುಗೊಂಡದ್ದು ಮಾತ್ರ 1970ರ ದಶಕದ ತೈಲ ಬಿಕ್ಕಟ್ಟಿನ ನಂತರ. ಅಮೆರಿಕದಲ್ಲಿ ಹ್ಯೂಸ್ ಸಂಸ್ಥೆಯಲ್ಲಿ ಲೇಸರ್ ವಿಜ್ಞಾನಿಯಾಗಿದ್ದ ಡೇವಿಡ್ ಹಾನ್ ಕೆಲಸ ಬಿಟ್ಟು 1982ರಲ್ಲಿ ಸಹೋದರನ ಜೊತೆಗೂಡಿ ಡಾಹೊನ್ ಕಂಪನಿ ಕಟ್ಟಿದರು. ಅದಕ್ಕೂ ಕೊಂಚ ಮೊದಲು ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ ತಮ್ಮ ಮಲಗುವ ಕೋಣೆಯಲ್ಲೇ ಒಂದು ಮಾದರಿಯನ್ನು ಕೊರೆದು, ಬೆಸೆದು, ಮತ್ತೆ ಬಿಚ್ಚಿ ಜೋಡಿಸುತ್ತಿದ್ದರು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ತೋಟಗಾರಿಕೆ ಕೆಲಸ. ಆ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಚರ್ಚಿನ ಹೆಸರನ್ನೇ ಸೈಕಲ್ಲಿಗೆ ಇಟ್ಟರು. ದೊಡ್ಡ ಕಂಪನಿಗಳು ಅದನ್ನು ಬೇಡವೆಂದವು. ಕೊನೆಗೆ ಗೆಳೆಯರು, ಪರಿಚಿತರು ಕೊಟ್ಟ ಮುಂಗಡ ಹಣದಿಂದ 1981ರಲ್ಲಿ ಮೊದಲ ಕಂತು ತಯಾರಾಯಿತು. 2022ರಲ್ಲಿ ಅದೇ ಕಂಪನಿ ತನ್ನ ಹತ್ತು ಲಕ್ಷನೆಯ ಸೈಕಲ್ಲನ್ನು ಹೊರತಂದಿತು.

ಇಂದಿನ ಮಡಚುವ ಸೈಕಲ್‌ಗಳ ಎರಡು ಮುಖ್ಯ ಕುಲಗಳನ್ನು ಈ ಇಬ್ಬರ ಸೈಕಲ್‌ಗಳಲ್ಲಿ ಕಾಣಬಹುದು. ಡಾಹೊನ್ ದಾರಿಯದು ನಡುವೆ ಮಡಚುವಂಥದ್ದು: ಫ್ರೇಮಿನ ಕೀಲು ಬಿಚ್ಚಿದರೆ ಮುಂದಿನ ಗಾಲಿ ಹಿಂದಿನ ಗಾಲಿಯ ಪಕ್ಕ ಬಂದು ನಿಲ್ಲುತ್ತದೆ. ಗಾಲಿ ಸಾಮಾನ್ಯವಾಗಿ 20 ಇಂಚಿನದು. ಡೆಕಾತ್ಲಾನ್‌ನ ಮಾದರಿಗಳು, ಟರ್ನ್, ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಇದೇ ಬಗೆ. ಬ್ರಾಂಪ್ಟನ್ನಿನದು ಬೇರೆ. ಅದರ ಹಿಂದಿನ ಗಾಲಿ ಫ್ರೇಮಿನ ಅಡಿಗೆ ಮಗುಚಿಕೊಳ್ಳುತ್ತದೆ, ಮುಂದಿನದು ಪಕ್ಕಕ್ಕೆ ತಿರುಗುತ್ತದೆ, ಹ್ಯಾಂಡಲ್ ಕೆಳಗೆ ಬೀಳುತ್ತದೆ, ಸೀಟಿನ ಕಂಬ ಇಳಿದು ಇಡೀ ಕಟ್ಟನ್ನು ಬೀಗದಂತೆ ಹಿಡಿದುಕೊಳ್ಳುತ್ತದೆ. ಗಾಲಿ 16 ಇಂಚು. ಎಣ್ಣೆ ಹಚ್ಚಿದ ಚೈನ್ ಎರಡು ಗಾಲಿಗಳ ನಡುವೆ ಅಡಗಿಬಿಡುವುದರಿಂದ ಪಕ್ಕದವರ ಪ್ಯಾಂಟಿಗೆ, ಸೀರೆಯ ಅಂಚಿಗೆ ಕಪ್ಪು ಮೆತ್ತುವುದಿಲ್ಲ. ಕಿಕ್ಕಿರಿದ ರೈಲಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಬ್ರಾಂಪ್ಟನ್ ಬಗೆಯದೇ ಎಲ್ಲರಿಗೂ ಉತ್ತಮವೇ? ಅಲ್ಲ. ಮಡಚಿದ ಗಾತ್ರ ಯಾರಿಗೆ ನಿರ್ಣಾಯಕವೋ ಅವರಿಗೆ ಮಾತ್ರ. ದಿನವೂ ದಟ್ಟಣೆಯ ಹೊತ್ತಿನಲ್ಲಿ ರೈಲು ಹತ್ತುವವರು, ಕಚೇರಿಯಲ್ಲಿ ಮೇಜಿನಡಿ ಬಿಟ್ಟು ಬೇರೆಲ್ಲೂ ಜಾಗವಿಲ್ಲದವರು, ಒಂದು ಕೋಣೆಯ ಪಿಜಿಯಲ್ಲಿ ಇಬ್ಬರು ಮೂವರು ಹಂಚಿಕೊಂಡಿರುವವರು ಈ ಗುಂಪಿನವರು. ಮನೆಯಿಂದ ಕಚೇರಿಗೆ ನೇರವಾಗಿ ಆರೇಳು ಕಿಲೋಮೀಟರ್ ತುಳಿದುಕೊಂಡೇ ಹೋಗಿ, ಮೂರನೇ ಮಹಡಿಯ ಮನೆಗೆ ಹೊತ್ತು, ವಾರಕ್ಕೊಮ್ಮೆ ಕಾರಿನ ಡಿಕ್ಕಿಗೆ ಹಾಕುವವರಿಗೆ 20 ಇಂಚಿನದೇ ಸರಿ. ನಮ್ಮ ಊರುಗಳಲ್ಲಿ ಮೊದಲ ಸಲ ಕೊಳ್ಳುವವರಲ್ಲಿ ಹೆಚ್ಚಿನವರು ಈ ಎರಡನೇ ಗುಂಪಿಗೇ ಸೇರುತ್ತಾರೆ.

ಮೆಟ್ರೊ ನಿಯಮದ ಮಾತು ಇಲ್ಲೇ ಆಡಿಬಿಡಬೇಕು. 2021ರಲ್ಲಿ ನಮ್ಮ ಮೆಟ್ರೊ ಮಡಚಿದ ಸೈಕಲ್ಲನ್ನು ಶುಲ್ಕವಿಲ್ಲದೆ ಒಯ್ಯಲು ಅನುಮತಿ ಕೊಟ್ಟಿತು. ಕೊನೆಯ ಬೋಗಿಯಲ್ಲಿ ಹತ್ತಬೇಕು, ತೂಕ 15 ಕಿಲೊ ಮೀರಬಾರದು, ಅಳತೆ 60 × 45 × 25 ಸೆಂಟಿಮೀಟರ್ ದಾಟಬಾರದು. ಅನುಮತಿ ಸ್ವಾಗತಾರ್ಹವೇ. ಅಳತೆಯನ್ನು ಮಾತ್ರ ಟೇಪು ಹಿಡಿದು ನೋಡಬೇಕು. ಜಗತ್ತಿನಲ್ಲಿ ಅತಿ ಚಿಕ್ಕದಾಗಿ ಮಡಚುವ ಸೈಕಲ್‌ಗಳಲ್ಲಿ ಒಂದಾದ ಬ್ರಾಂಪ್ಟನ್ ಕೂಡ ಮಡಚಿದಾಗ ಸುಮಾರು 64 × 58 × 27 ಸೆಂಟಿಮೀಟರ್ ಬರುತ್ತದೆ. ಅಂದರೆ ಅಕ್ಷರಶಃ ಅಳೆದರೆ ಅದಕ್ಕೂ ಪ್ರವೇಶವಿಲ್ಲ. ನಡುವೆ ಮಡಚುವ 20 ಇಂಚಿನವಂತೂ 80 ಸೆಂಟಿಮೀಟರ್ ಉದ್ದಕ್ಕೆ ಹತ್ತಿರ ಇರುತ್ತವೆ. ಮೆಟ್ರೊದ ಮಿತಿ ಸೂಟ್‌ಕೇಸಿಗೆ ಹೊಂದುವ ಅಳತೆ, ಸೈಕಲ್ಲಿನ ಅಂಗರಚನೆ ನೋಡಿ ಮಾಡಿದ್ದಲ್ಲ. ಸಿಂಗಪುರದ ರೈಲುಗಳಲ್ಲಿ 120 × 70 × 40 ಸೆಂಟಿಮೀಟರ್‌ವರೆಗೆ ಬಿಡುತ್ತಾರೆ. ಅಲ್ಲಿ 20 ಇಂಚಿನ ಬಹಳಷ್ಟು ಮಡಚುವ ಸೈಕಲ್‌ಗಳು ನಿರಾತಂಕವಾಗಿ ಒಳಗೆ ಹೋಗುತ್ತವೆ. ಲಂಡನ್ನಿನ ಸುರಂಗ ರೈಲಿನಲ್ಲಿ ದೊಡ್ಡ ಸೈಕಲ್ಲಿಗೆ ಹೊತ್ತುಗೊತ್ತಿನ ಕಟ್ಟುಪಾಡಿದೆ, ಮಡಚಿದ್ದಕ್ಕೆ ಇಲ್ಲ. ಬ್ರಾಂಪ್ಟನ್ ಆ ಊರಿನಲ್ಲಿ ಬೇರೂರಲು ಇದೂ ಒಂದು ಕಾರಣ.

ಆದ್ದರಿಂದ ಮೆಟ್ರೊ ನಂಬಿ ಕೊಳ್ಳುವವರು ಹಣ ಕೊಡುವ ಮುಂಚೆ ತಾವು ಹತ್ತುವ ನಿಲ್ದಾಣಕ್ಕೆ ಹೋಗಿ, ಮಾದರಿಯ ಅಳತೆ ಹೇಳಿ, ಭದ್ರತಾ ತಪಾಸಣೆಯವರನ್ನೂ ನಿಲ್ದಾಣದ ನಿಯಂತ್ರಕರನ್ನೂ ಕೇಳಿಬಿಡುವುದು ಲೇಸು. ಅರ್ಧ ಗಂಟೆಯ ಕೆಲಸ. ಸೈಕಲ್ಲಿಗೆ ಒಂದು ಹೊದಿಕೆ ಚೀಲ ಇದ್ದರೆ ಮಾತು ಸುಲಭವಾಗುತ್ತದೆ, ಸಹಪ್ರಯಾಣಿಕರಿಗೂ ಕೊಳೆ ತಾಗುವುದಿಲ್ಲ. ಜಪಾನಿನ ರೈಲುಗಳಲ್ಲಿ ಸಾಮಾನ್ಯವಾಗಿ ಚೀಲದೊಳಗಿದ್ದರೆ ಮಾತ್ರ ಸೈಕಲ್ಲಿಗೆ ಜಾಗ. ‘ರಿಂಕೊ’ ಎಂಬ ಹೆಸರಿನಲ್ಲಿ ಅಲ್ಲಿ ಅದೊಂದು ಪದ್ಧತಿಯೇ ಆಗಿದೆ. ಭಾರತೀಯ ರೈಲ್ವೆಯಲ್ಲಿ ಪ್ರಯಾಣಿಕರು ಬೋಗಿಯೊಳಗೆ ಒಯ್ಯಬಹುದಾದ ಪೆಟ್ಟಿಗೆಯ ಮಿತಿ 100 × 60 × 25 ಸೆಂಟಿಮೀಟರ್, ಎಸಿ ತ್ರೀ ಟಯರ್ ಮತ್ತು ಎಸಿ ಚೇರ್ ಕಾರ್‌ಗಳಲ್ಲಿ ಇನ್ನೂ ಕಮ್ಮಿ. ದೂರದ ಊರಿಗೆ ಒಯ್ಯುವ ಆಸೆಯಿದ್ದವರು ಈ ಅಂಕಿಗಳನ್ನೂ ಬರೆದಿಟ್ಟುಕೊಳ್ಳಬೇಕು.

ಗಾತ್ರ ತೀರ್ಮಾನವಾದ ಮೇಲೆ ಗಾಲಿಯ ವಿಚಾರ. ಚಿಕ್ಕ ಗಾಲಿಯ ಸೈಕಲ್ ಅಂದಕೂಡಲೇ ಬರುವ ಮೊದಲ ಅನುಮಾನ, “ಎಷ್ಟು ತುಳಿದರೂ ಮುಂದೆ ಹೋಗೋದಿಲ್ಲ ಅಲ್ವಾ?” ಎಂಬುದು. ಲೆಕ್ಕ ಹಾಕಿ ನೋಡಿದರೆ ಈ ಅನುಮಾನ ನಿಲ್ಲುವುದಿಲ್ಲ. 20 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಉರುಳುತ್ತದೆ. ಪೆಡಲ್ ಬಳಿಯ ದೊಡ್ಡ ಚಕ್ರಕ್ಕೆ 52 ಹಲ್ಲು, ಹಿಂದಿನ ಚಿಕ್ಕ ಚಕ್ರಕ್ಕೆ 13 ಹಲ್ಲು ಇದ್ದರೆ, ಪೆಡಲ್ ಒಮ್ಮೆ ತಿರುಗಿದಾಗ ಗಾಲಿ ನಾಲ್ಕು ಸಲ ತಿರುಗುತ್ತದೆ; ಸೈಕಲ್ ಆರು ಮೀಟರ್ ಸಾಗುತ್ತದೆ. ದೊಡ್ಡ ಗಾಲಿಯ ಸೈಕಲ್ಲಿನಲ್ಲಿ ಗಾಲಿ ಒಂದು ಸುತ್ತಿಗೆ ಎರಡು ಮೀಟರ್‌ಗೂ ಸ್ವಲ್ಪ ಹೆಚ್ಚು ಉರುಳಿದರೂ ಅಲ್ಲಿ ಹಲ್ಲಿನ ಅನುಪಾತ ಕಮ್ಮಿ ಇಟ್ಟಿರುತ್ತಾರೆ. ಹೆಚ್ಚುಕಮ್ಮಿ ಅದೇ ಆರು ಮೀಟರ್. ಚಿಕ್ಕ ಗಾಲಿಯ ಕೊರತೆಯನ್ನು ದೊಡ್ಡ ಹಲ್ಲುಚಕ್ರ ತುಂಬಿಕೊಡುತ್ತದೆ. ಮಡಚುವ ಸೈಕಲ್‌ಗಳ ಪೆಡಲ್ ಬಳಿ ಅಷ್ಟು ಅಗಲದ ಚಕ್ರ ಕಾಣುವುದು ಈ ಕಾರಣಕ್ಕೆ.

ಚಿಕ್ಕ ಗಾಲಿಯ ನಿಜವಾದ ತೊಂದರೆ ವೇಗದಲ್ಲಿಲ್ಲ, ಗುಂಡಿಯಲ್ಲಿದೆ. ದೊಡ್ಡ ಗಾಲಿ ಮೇಲಿಂದಲೇ ಹಾಯ್ದುಹೋಗುವ ಗುಂಡಿಯೊಳಗೆ ಚಿಕ್ಕ ಗಾಲಿ ಇಳಿದೇ ಹೋಗುತ್ತದೆ. ರಸ್ತೆಯುಬ್ಬಿನ ಹೊಡೆತ ನೇರ ಮಣಿಕಟ್ಟಿಗೆ ಬರುತ್ತದೆ. ನಮ್ಮ ನಗರಗಳ ರಸ್ತೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಪರಿಹಾರವೂ ಸರಳ: ದಪ್ಪ ಟೈರು. ಒಂದೂಮುಕ್ಕಾಲು ಇಂಚಿನಿಂದ ಎರಡು ಇಂಚಿನಷ್ಟು ಅಗಲದ ಟೈರಿಗೆ ಅತಿ ಗಟ್ಟಿಯಾಗಿ ಗಾಳಿ ತುಂಬದೆ ಬಿಟ್ಟರೆ ಅರ್ಧ ಹೊಡೆತವನ್ನು ಅದೇ ನುಂಗುತ್ತದೆ. ಅಗ್ಗದ ಮಾದರಿಗಳಲ್ಲಿ ಕಾಣುವ ಸ್ಪ್ರಿಂಗಿನ ಸಸ್ಪೆನ್ಷನ್ ತೂಕ ಕೂಡಿಸುವುದೇ ಹೆಚ್ಚು. ಆ ಹಣವನ್ನು ಒಳ್ಳೆಯ ಟೈರಿಗೆ ಹಾಕುವುದು ಬುದ್ಧಿವಂತಿಕೆ.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಒಂದು ಅಂಕಿಯನ್ನು ಓದಲು ಕಲಿತರೆ ಮುಂದಿನ ಹಲವು ವರ್ಷದ ತಲೆನೋವು ತಪ್ಪುತ್ತದೆ. 47-406 ಎಂದಿದ್ದರೆ ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. ‘20 ಇಂಚು’ ಎಂದು ಮಾರುವ ಗಾಲಿಗಳಲ್ಲಿ 406 ಇದೆ, 451 ಕೂಡ ಇದೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 406 ಎಂದರೆ ಮಕ್ಕಳ ಸೈಕಲ್ ಮತ್ತು ಬಿಎಂಎಕ್ಸ್ ಸೈಕಲ್‌ನ ಅಳತೆ. ಅದರ ಟ್ಯೂಬು ತಾಲ್ಲೂಕು ಕೇಂದ್ರದ ಸೈಕಲ್ ಷಾಪಿನಲ್ಲೂ ಸಿಗುತ್ತದೆ. 16 ಇಂಚಿನಲ್ಲೂ ಹೀಗೇ: 305 ಮಕ್ಕಳ ಸೈಕಲ್ಲಿನದು, 349 ಬ್ರಾಂಪ್ಟನ್ ಬಗೆಯದು. ಎರಡನೆಯದನ್ನು ಕೊಂಡವರು ಮನೆಯಲ್ಲಿ ಸದಾ ಒಂದೆರಡು ಟ್ಯೂಬು ಇಟ್ಟುಕೊಂಡಿರಬೇಕು, ಪಂಕ್ಚರ್ ಹಾಕುವುದನ್ನೂ ಕಲಿತಿರಬೇಕು. ತುಮಕೂರು, ಹಾಸನ, ಬಳ್ಳಾರಿಯಂಥ ಊರಿನಲ್ಲಿರುವವರು ಮೊದಲ ಸೈಕಲ್ಲಿಗೆ 406 ಬಿಟ್ಟು ಬೇರೇನನ್ನೂ ಆರಿಸದಿರುವುದೇ ಒಳ್ಳೆಯದು.

ಗೇರ್ ಎಷ್ಟು ಬೇಕು? ಮೈಸೂರಿನ ಅಗ್ರಹಾರದಿಂದ ಅರಮನೆ ಸುತ್ತ ಓಡಾಡುವವರಿಗೆ ಒಂದೇ ಗೇರಿನ ಸೈಕಲ್ ಸಾಕಾದೀತು. ತೂಕ ಕಮ್ಮಿ, ಕೆಡುವ ಭಾಗವೂ ಕಮ್ಮಿ.  ಬೆಂಗಳೂರು ಮಾತ್ರ ದಿಣ್ಣೆ ಮತ್ತು ಕಣಿವೆಗಳ ಊರು. ಕೆರೆ ಅಂಗಳದ ಬಡಾವಣೆಯಿಂದ ಮುಖ್ಯರಸ್ತೆಗೆ ಏರುವಾಗಲೇ ಅದು ಕಾಲಿಗೆ ಗೊತ್ತಾಗುತ್ತದೆ. ಅಲ್ಲಿಗೆ ಆರೇಳು ಗೇರು ಬೇಕು. ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 28 ಹಲ್ಲು ಇದ್ದರೆ ಪೆಡಲ್‌ನ ಒಂದು ಸುತ್ತಿಗೆ ಮೂರು ಮೀಟರ್‌ಗಿಂತ ಕಮ್ಮಿ ಸಾಗುತ್ತದೆ; ಕೂತೇ ಏರು ಹತ್ತಬಹುದು. ಮಂಗಳೂರಿನವರಿಗೆ ಏರುತಗ್ಗಿನ ಜೊತೆಗೆ ಮಳೆ ಮತ್ತು ಉಪ್ಪುಗಾಳಿಯ ಕಾಟವೂ ಇದೆ. ಅವರು ಅಲ್ಯುಮಿನಿಯಂ ಫ್ರೇಮಿನದನ್ನು, ಉದ್ದನೆಯ ಮಡ್‌ಗಾರ್ಡ್ ಇರುವುದನ್ನು ನೋಡಬೇಕು. ಗೇರುಗಳೆಲ್ಲ ಹಿಂದಿನ ಗಾಲಿಯ ನಡುಗುಂಬದೊಳಗೇ ಅಡಗಿರುವ ಮಾದರಿಗೆ ಬೆಲೆ ಜಾಸ್ತಿ. ಕೆಸರು ಒಳಹೋಗದ ಕಾರಣ ಮಳೆನಾಡಿಗೆ ಅದು ಹೇಳಿಮಾಡಿಸಿದ್ದು.

ಕಾಗದದ ಮೇಲೆ 12 ಕಿಲೊ ಮತ್ತು 15 ಕಿಲೊ ನಡುವೆ ಮೂರೇ ಕಿಲೊ ವ್ಯತ್ಯಾಸ. ಹೆಗಲ ಮೇಲೆ ಕಚೇರಿಯ ಚೀಲ, ಒಂದು ಕೈಯಲ್ಲಿ ಸೈಕಲ್ ಹಿಡಿದು ಪಾದಚಾರಿ ಸೇತುವೆ ಹತ್ತುವಾಗ ಆ ಮೂರು ಕಿಲೊದ ಬೆಲೆ ಗೊತ್ತಾಗುತ್ತದೆ. ಬ್ರಾಂಪ್ಟನ್‌ನ ಸಾಮಾನ್ಯ ಉಕ್ಕಿನ ಮಾದರಿ 11–12 ಕಿಲೊ ತೂಗುತ್ತದೆ. ಟೈಟಾನಿಯಂನದು ಏಳೂವರೆ ಕಿಲೊದ ಆಸುಪಾಸು, ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂಥದ್ದಲ್ಲ. ಹೊರುವುದು ಕಷ್ಟವೆನಿಸಿದವರು ಮಡಚಿದ ಮೇಲೂ ತಳ್ಳಿಕೊಂಡು ಹೋಗಬಹುದಾದ ಮಾದರಿ ಹುಡುಕಬೇಕು. ನಡುವೆ ಮಡಚುವ ಕೆಲವು ಸೈಕಲ್‌ಗಳು ಮಡಚಿದಾಗಲೂ ತಮ್ಮ ಗಾಲಿಗಳ ಮೇಲೇ ಉರುಳುತ್ತವೆ, ಸೀಟು ಹಿಡಿದು ನಡೆಸಿದರಾಯಿತು. ಬ್ಯಾಟರಿಯ ಮಡಚುವ ಸೈಕಲ್ ಬೇರೆಯೇ ಲೋಕ: 18–20 ಕಿಲೊ ದಾಟುವುದು ಸಾಮಾನ್ಯ, ಮೆಟ್ರೊದ 15 ಕಿಲೊ ಮಿತಿಯಿಂದ ಅದು ಆಗಲೇ ಹೊರಗೆ.

ಅಂಗಡಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಕೀಲಿನ ಮುಂದೆ. ಬಣ್ಣ, ಗಂಟೆ, ಬುಟ್ಟಿ ಆಮೇಲೆ. ಸಾಮಾನ್ಯ ಸೈಕಲ್ಲಿನ ಫ್ರೇಮು ಒಂದೇ ತುಂಡು. ಇಲ್ಲಿ ಸವಾರರ ಭಾರವನ್ನು ಒಂದು ಕೀಲು, ಒಂದು ಚಿಲಕ ಹೊರುತ್ತವೆ. ಚಿಲಕ ಹಾಕುವಾಗ ಅಂಗೈಗೆ ಬಿಗಿತ ತಿಳಿಯಬೇಕು. ಬೆರಳ ತುದಿಯಿಂದಲೇ ಮುಚ್ಚಿಕೊಂಡರೆ ಅದು ಸಡಿಲ. ಚಿಲಕ ತಾನಾಗಿ ತೆರೆದುಕೊಳ್ಳದಂತೆ ತಡೆಯುವ ಎರಡನೆಯ ಕೊಂಡಿ ಇರಲೇಬೇಕು. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲ್ ಕಂಬದ ಬುಡದಲ್ಲಿ ಕಟಕ್ ಎಂಬ ಸದ್ದು ಬಂದರೆ, ಅಂಗಡಿಯವರು ಎಷ್ಟೇ ಸಮಾಧಾನ ಹೇಳಿದರೂ, ಅದನ್ನು ಬಿಗಿ ಮಾಡಿ ತೋರಿಸುವವರೆಗೆ ಹಣ ಕೊಡಬಾರದು. ಮನೆಗೆ ತಂದ ಮೇಲೂ ಮೊದಲ ಕೆಲವು ವಾರದ ಓಡಾಟದ ನಂತರ ಕೀಲುಗಳನ್ನು ಒಮ್ಮೆ ಬಿಗಿ ಮಾಡಿಸಬೇಕು. ಹೊಸ ಲೋಹ ಕೂತುಕೊಳ್ಳುವಾಗ ಸಡಿಲವಾಗುವುದು ಸಹಜ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಂತೂ ಕೀಲಿನ ಸುತ್ತ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿಂದ ಎದ್ದುಬರಬೇಕು. ಅದನ್ನು ವೆಲ್ಡಿಂಗ್ ಮಾಡಿಸಿ ಓಡಿಸುವ ಯೋಚನೆ ಅಪಾಯಕಾರಿ.

ಸೀಟಿನ ಉದ್ದ ಕಂಬದ ಮೇಲೆ ‘ಇದಕ್ಕಿಂತ ಮೇಲೆತ್ತಬೇಡಿ’ ಎಂಬ ಗೆರೆ ಇರುತ್ತದೆ. ಸವಾರರ ಕಾಲಿಗೆ ತಕ್ಕ ಎತ್ತರ ಆ ಗೆರೆಯೊಳಗೇ ಸಿಗಬೇಕು. ಆರಡಿ ಮೀರಿದವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಆ ಕಂಬಕ್ಕೆ ಎಣ್ಣೆ ಹಚ್ಚಬಾರದು, ಹಚ್ಚಿದರೆ ಓಡಿಸುತ್ತಿರುವಾಗಲೇ ಸೀಟು ಕೆಳಗೆ ಜಾರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊರುವ ಭಾರದ ಮಿತಿ ಸಾಮಾನ್ಯವಾಗಿ 100ರಿಂದ 110 ಕಿಲೊ. ಸವಾರರು, ಬೆನ್ನಿನ ಚೀಲ, ಕ್ಯಾರಿಯರಿನ ಸಾಮಾನು ಎಲ್ಲ ಸೇರಿದ ಲೆಕ್ಕ ಅದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವ ನಮ್ಮ ಹಳೆಯ ಅಭ್ಯಾಸಕ್ಕೆ ಇಲ್ಲಿ ಅವಕಾಶವಿಲ್ಲ.

ಈ ಸೈಕಲ್ಲಿನ ಒಂದು ದೊಡ್ಡ ಗುಣವನ್ನು ಮಾರುವವರೂ ಅಷ್ಟಾಗಿ ಹೇಳುವುದಿಲ್ಲ. ಫ್ರೇಮಿಗೆ ಎತ್ತರದ ಅಡ್ಡಪಟ್ಟಿ ಇರುವುದಿಲ್ಲ. ಸೀರೆ, ಪಂಚೆ ಉಟ್ಟವರೂ, ಮಂಡಿನೋವಿರುವವರೂ ಕಾಲು ಎತ್ತಿ ಬೀಸದೆ ಹತ್ತಬಹುದು. ಸೀಟು ಅರೆಕ್ಷಣದಲ್ಲಿ ಏರಿಳಿಯುವುದರಿಂದ ಹೈಸ್ಕೂಲಿನ ಮಗಳು, ತಾಯಿ, ಅಜ್ಜ ಮೂವರಿಗೂ ಒಂದೇ ಸೈಕಲ್ ಆಗುತ್ತದೆ. ಬೆಳಿಗ್ಗೆ ಕಚೇರಿಗೆ ಹೋದದ್ದು ಸಂಜೆ ತರಕಾರಿ ತರುತ್ತದೆ, ಭಾನುವಾರ ವಾಹನ ಸಂಚಾರ ನಿಲ್ಲಿಸಿದ ಕಬ್ಬನ್ ಪಾರ್ಕಿನ ರಸ್ತೆಗಳಲ್ಲಿ ಸುತ್ತುತ್ತದೆ. ಡಿಕ್ಕಿಯಲ್ಲಿ ಎರಡು ಸೈಕಲ್ ಹಾಕಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದರೆ ದರಿಯಾ ದೌಲತ್‌ನಿಂದ ಸಂಗಮದವರೆಗಿನ ದಾರಿ ಆರಾಮಾಗಿ ತುಳಿಯುವಷ್ಟೇ ದೂರ. ಹೊಸಪೇಟೆಯವರೆಗೆ ರೈಲಿನಲ್ಲಿ ಒಯ್ದು, ಅಲ್ಲಿಂದ ಹಂಪಿಗೆ ಹನ್ನೆರಡು ಹದಿಮೂರು ಕಿಲೋಮೀಟರ್ ಸೈಕಲ್ಲಿನಲ್ಲೇ ಹೋಗಬಹುದು. ಸ್ಮಾರಕದಿಂದ ಸ್ಮಾರಕಕ್ಕೆ ಆಟೊಗೆ ಕಾಯುವ ಪ್ರಮೇಯವೇ ಇರುವುದಿಲ್ಲ. ಹಗಲಿಡೀ ನೂರು ಕಿಲೋಮೀಟರ್ ತುಳಿಯುವ ಆಸೆಯವರಿಗೆ, ಕಾಡುದಾರಿಯ ಕಲ್ಲುಮಣ್ಣಿನಲ್ಲಿ ಓಡಿಸುವವರಿಗೆ ಮಾತ್ರ ಇದು ತಕ್ಕುದಲ್ಲ. ಅವರು ಮಾಮೂಲಿ ಗಾಲಿಯ ಸೈಕಲ್ ಕೊಳ್ಳಲಿ.

ಹೊಸಬರಿಗೆ ಓಡಿಸುವುದರಲ್ಲೂ ಒಂದು ಎಚ್ಚರಿಕೆ ಬೇಕು. ಚಿಕ್ಕ ಗಾಲಿಯ ಸೈಕಲ್ ಹ್ಯಾಂಡಲ್ಲಿನ ಸಣ್ಣ ಚಲನೆಗೂ ಥಟ್ಟನೆ ತಿರುಗುತ್ತದೆ. ಒಂದು ಕೈ ಬಿಟ್ಟು ಸನ್ನೆ ಮಾಡುವುದನ್ನು ಬಡಾವಣೆಯ ಖಾಲಿ ರಸ್ತೆಯಲ್ಲಿ ರೂಢಿ ಮಾಡಿಕೊಂಡೇ ಮುಖ್ಯರಸ್ತೆಗೆ ಇಳಿಯಬೇಕು. ಕೆಳಮಟ್ಟದಲ್ಲಿರುವ ಸೈಕಲ್ ಬಸ್ಸು, ಲಾರಿಯವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಹೆಲ್ಮೆಟ್ಟಿನ ಜೊತೆಗೆ ಹಿಂದೊಂದು ಕೆಂಪು ಮಿನುಗು ದೀಪ ಹಗಲಲ್ಲೂ ಉರಿಯಲಿ.

ಒಟ್ಟಿನಲ್ಲಿ ಕರ್ನಾಟಕದ ಊರುಗಳಲ್ಲಿ ಮೊದಲ ಸಲ ಕೊಳ್ಳುವ ಬಹುಮಂದಿಗೆ ಹೊಂದುವುದು ನಡುವೆ ಮಡಚುವ, 406 ಅಳತೆಯ ದಪ್ಪ ಟೈರಿನ, ಆರೇಳು ಗೇರಿನ, 13 ಕಿಲೊ ಮೀರದ, ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಇರುವ ಸೈಕಲ್. ಪೇಟೆಯಲ್ಲಿ ಇಂಥದ್ದಕ್ಕೆ ಲಕ್ಷ ಸುರಿಯಬೇಕಿಲ್ಲ. 16 ಇಂಚಿನದು ದಿನಾ ರೈಲಿನ ನೂಕುನುಗ್ಗಲಿಗೆ ಸಿಗುವವರ ಪಾಲಿಗೆ. ಕೊಳ್ಳುವ ದಿನ ಕಚೇರಿಗೆ ಹೋಗುವ ಉಡುಪಿನಲ್ಲೇ, ಚೀಲ ಹೊತ್ತುಕೊಂಡೇ ಅಂಗಡಿಗೆ ಹೋಗಿ. ನೀವೇ ಮೂರು ಸಲ ಮಡಚಿ ಬಿಚ್ಚಿ, ಒಂದು ಮಹಡಿ ಹೊತ್ತು ಹತ್ತಿ, ಒಂದು ರಸ್ತೆಯುಬ್ಬಿನ ಮೇಲೆ ಓಡಿಸಿ ನೋಡಿ. ಹಾಗೆಯೇ ಮೆಟ್ರೊ ನಿಲ್ದಾಣದಲ್ಲಿ ನಿಮ್ಮ ಸೈಕಲ್ಲನ್ನು ಅಳತೆಯ ಕಾರಣಕ್ಕೆ ತಡೆದರೆ ಸುಮ್ಮನೆ ಮರಳಬೇಡಿ, ಲಿಖಿತ ಮನವಿ ಕೊಡಿ. 60 × 45 × 25ರ ನಿಯಮ ಬದಲಾಗಬೇಕಾದರೆ, ಸೈಕಲ್ ಹಿಡಿದು ನಿಲ್ದಾಣಕ್ಕೆ ಬರುವವರ ಸಂಖ್ಯೆ ಎಷ್ಟಿದೆ ಎಂಬುದು ಮೆಟ್ರೊ ನಿಗಮಕ್ಕೆ ಕಾಣಬೇಕು.